ಗರಗಸ ಕೊಳ್ಳುವ ಮೊದಲು ಹಲ್ಲು ಎಣಿಸಿ: ವರ್ಕ್‌ಶಾಪಿಗೆ ಲೋಹ ಕತ್ತರಿಸುವ ಮಿಷನ್, ಬ್ಲೇಡ್ ಆರಿಸುವ ಬಗೆ

ಬೆಂಗಳೂರಿನ ಕಾಮಾಕ್ಷಿಪಾಳ್ಯದಲ್ಲಿ ಶೆಡ್ಡು ಹಿಡಿದ ಮೊದಲ ವರ್ಷ ನಾನು ಒಂದು ಹಳೆಯ ಬ್ಯಾಂಡ್ ಸಾ (ಬಳೆಯ ಹಾಗೆ ಜೋಡಿಸಿದ ಬ್ಲೇಡ್ ಎರಡು ಚಕ್ರಗಳ ಮೇಲೆ ಸುತ್ತುವ ಗರಗಸ) ತಂದೆ. ಗುಜರಿಯಲ್ಲಿ ಚೌಕಾಸಿ ಮಾಡಿ, ಟೆಂಪೋಗೆ ಹಾಕಿಸಿ, ಅರಿಶಿನ ಕುಂಕುಮ ಹಚ್ಚಿ, ನಿಂಬೆಹಣ್ಣು ಕಟ್ಟಿ ಸ್ವಿಚ್ ಒತ್ತಿದೆ. ಮೊದಲ ಕೆಲಸ 2 ಮಿ.ಮೀ. ದಪ್ಪದ ಚೌಕ ಪೈಪು. ನಾಲ್ಕನೇ ತುಂಡಿಗೆ ಟಕಟಕ ಸದ್ದು ಶುರುವಾಯಿತು. ಬ್ಲೇಡ್ ಇಳಿಸಿ ನೋಡಿದರೆ ಒಂದು ಗೇಣಷ್ಟು ಉದ್ದಕ್ಕೆ ಹಲ್ಲೇ ಇಲ್ಲ. ಹೊಸ ಬ್ಲೇಡ್ ತಂದೆ. ಅದೂ ಹೋಯಿತು. ಒಂದೇ ತಿಂಗಳಲ್ಲಿ ನಾಲ್ಕು ಬ್ಲೇಡ್. ಮಿಷನ್ನೇ ಸರಿಯಿಲ್ಲ ಅಂದುಕೊಂಡು ಅದನ್ನು ಮಾರಲು ಹೊರಟಿದ್ದೆ.

ಪಕ್ಕದ ಶೆಡ್ಡಿನಲ್ಲಿ ಒಬ್ಬ ಹಿರಿಯರಿದ್ದರು. ಎಚ್‌.ಎಂ.ಟಿ.ಯಲ್ಲಿ ಫಿಟ್ಟರ್ ಆಗಿದ್ದು ನಿವೃತ್ತರಾದವರು. ಮುರಿದ ಬ್ಲೇಡಿನ ಚೂರೊಂದನ್ನು ಪೈಪಿನ ಅಂಚಿನ ಮೇಲೆ ಇಟ್ಟು, "ಇಲ್ಲಿ ಎಷ್ಟು ಹಲ್ಲು ಕೂತಿದೆ ಹೇಳಪ್ಪ" ಅಂದರು. ಒಂದೂ ಸರಿಯಾಗಿ ಕೂತಿರಲಿಲ್ಲ. ಹಲ್ಲಿನಿಂದ ಹಲ್ಲಿಗೆ 5 ಮಿ.ಮೀ. ದೂರ, ಪೈಪಿನ ಗೋಡೆ 2 ಮಿ.ಮೀ. ಆ ಗೋಡೆ ಎರಡು ಹಲ್ಲಿನ ಸಂದಿಗೆ ಬಿದ್ದು, ಹಿಂದಿನಿಂದ ಬರುವ ಹಲ್ಲನ್ನು ಕಿತ್ತು ಹಾಕುತ್ತಿತ್ತು. "ಮಿಷನ್ ಏನು ಮಾಡುತ್ತೆ, ಪಾಪ" ಅಂತ ನಕ್ಕು ಹೋದರು. ಆ ಮಿಷನ್ ಇವತ್ತಿಗೂ ನನ್ನ ಹತ್ತಿರವೇ ಇದೆ.

ಹಾಗಾಗಿ ಯಾರು ಕೇಳಿದರೂ ನಾನು ಈ ಸಾಲಿನಲ್ಲೇ ಹೇಳುತ್ತೇನೆ: ಮೊದಲು ಕೆಲಸ, ಆಮೇಲೆ ಹಲ್ಲು, ಆಮೇಲೆ ವೇಗ, ಕೊನೆಗೆ ಮಿಷನ್. ಅಂಗಡಿಗೆ ಹೋದರೆ ಇದು ತಲೆಕೆಳಗಾಗುತ್ತದೆ. ಮೊದಲು ಮಿಷನ್ ತೋರಿಸುತ್ತಾರೆ, ಬ್ಲೇಡ್ ಅದರ ಜೊತೆ ಬಂದದ್ದು.

ಮೊದಲ ಹೆಜ್ಜೆ: ಎರಡು ವಾರ ಬರೆದಿಡಿ

ಒಂದು ಹಳೆಯ ನೋಟ್‌ಬುಕ್ ತೆಗೆದುಕೊಳ್ಳಿ. ಎರಡು ವಾರ ಏನೇನು ಕತ್ತರಿಸಿದಿರಿ ಅಂತ ಬರೆಯಿರಿ. ಯಾವ ಲೋಹ, ಎಷ್ಟು ದಪ್ಪ, ದಿನಕ್ಕೆ ಎಷ್ಟು ತುಂಡು, ಅಳತೆ ಎಷ್ಟು ನಿಖರ ಬೇಕು. ಇಷ್ಟೇ. ಗೇಟು, ಗ್ರಿಲ್ಲು ಮಾಡುವವರ ಪುಸ್ತಕದಲ್ಲಿ ಆಂಗಲ್, ಫ್ಲಾಟ್, ಚೌಕ ಪೈಪು ತುಂಬಿರುತ್ತವೆ. ದರ್ಶಿನಿಗಳಿಗೆ ಕೌಂಟರ್, ಇಡ್ಲಿ ಸ್ಟ್ಯಾಂಡ್ ಮಾಡುವವರದ್ದು ಬರೀ ಸ್ಟೇನ್‌ಲೆಸ್ ಸ್ಟೀಲ್, ಅಂದರೆ ಎಸ್‌.ಎಸ್. ಪೀಣ್ಯದ ಕಂಪನಿಗಳಿಗೆ ಜಾಬ್ ಮಾಡುವವರಾದರೆ ಗಟ್ಟಿ ಸ್ಟೀಲಾದ ಇ.ಎನ್‌. 8, ಇ.ಎನ್‌. 24 ರೌಂಡ್ ರಾಡು. ಈ ಮೂವರಿಗೂ ಒಂದೇ ಗರಗಸ ಆಗುವುದಿಲ್ಲ.

ವರ್ಷಕ್ಕೆ ಒಮ್ಮೆ ಬರುವ 150 ಮಿ.ಮೀ. ರಾಡಿಗಾಗಿ ದೊಡ್ಡ ಮಿಷನ್ ತರಬೇಡಿ. ಅದನ್ನು ಮಾರುವವನ ಹತ್ತಿರವೇ ಕತ್ತರಿಸಿಕೊಂಡು ಬನ್ನಿ. ಸ್ಟೀಲ್ ಅಂಗಡಿಗಳಲ್ಲಿ ಕಟಿಂಗ್ ಚಾರ್ಜ್ ತೆಗೆದುಕೊಂಡು ಮಾಡಿಕೊಡುತ್ತಾರೆ.

ಎರಡನೇ ಹೆಜ್ಜೆ: ಹಲ್ಲಿನ ಲೆಕ್ಕ

ಇಡೀ ವಿಷಯದ ಜೀವ ಇಲ್ಲಿದೆ. ಸ್ವಲ್ಪ ನಿಧಾನವಾಗಿ ಓದಿ.

ಬ್ಲೇಡಿನ ಮೇಲೆ ಟಿ.ಪಿ.ಐ. ಅಂತ ಬರೆದಿರುತ್ತದೆ. ಇಂಚಿಗೆ ಎಷ್ಟು ಹಲ್ಲು ಅನ್ನುವ ಲೆಕ್ಕ ಅದು. 25.4ನ್ನು ಆ ಸಂಖ್ಯೆಯಿಂದ ಭಾಗಿಸಿದರೆ ಒಂದು ಹಲ್ಲಿನಿಂದ ಇನ್ನೊಂದಕ್ಕೆ ಎಷ್ಟು ಮಿ.ಮೀ. ಅಂತ ಸಿಗುತ್ತದೆ. 24 ಹಲ್ಲಿನ ಬ್ಲೇಡಿಗೆ ಸುಮಾರು 1.06 ಮಿ.ಮೀ. ನಿಯಮ ಇಷ್ಟು: ಯಾವ ಕ್ಷಣದಲ್ಲೂ ಕನಿಷ್ಠ 3 ಹಲ್ಲು ಲೋಹದ ಮೇಲಿರಬೇಕು. 6ರಿಂದ 12 ಇದ್ದರೆ ತುಂಬಾ ಒಳ್ಳೆಯದು. 24ಕ್ಕಿಂತ ಜಾಸ್ತಿ ಆದರೆ ಬೇರೆ ತೊಂದರೆ.

ಕಡಿಮೆಯಾದರೆ ಏನಾಗುತ್ತದೆ ಅಂತ ನನ್ನ ನಾಲ್ಕು ಬ್ಲೇಡ್ ಹೇಳಿವೆ. ಜಾಸ್ತಿಯಾದರೆ? ಹಲ್ಲಿನ ಮುಂದಿನ ಹಳ್ಳ ಚಿಕ್ಕದು. ಕೆರೆದ ಲೋಹಕ್ಕೆ ಹೋಗಲು ಜಾಗವಿಲ್ಲ. ಚೂರು ಅಲ್ಲೇ ತುಂಬಿಕೊಳ್ಳುತ್ತದೆ, ಹಲ್ಲು ಕತ್ತರಿಸುವ ಬದಲು ಉಜ್ಜುತ್ತದೆ, ಬ್ಲೇಡ್ ಬಿಸಿಯಾಗಿ ಓರೆ ಹೋಗುತ್ತದೆ. ದಪ್ಪ ರಾಡಿಗೆ ಸಣ್ಣ ಹಲ್ಲಿನ ಬ್ಲೇಡ್ ಹಾಕಿ, ಮಧ್ಯಾಹ್ನದ ಊಟ ಮುಗಿಸಿ ಬಂದರೂ ಅರ್ಧ ಇಳಿದಿರುವುದಿಲ್ಲ.

ಕೈ ಹ್ಯಾಕ್ಸಾಗೆ ಈ ಲೆಕ್ಕ ಹಾಕಿ ನೋಡಿ. 12 ಇಂಚಿನ ಬ್ಲೇಡ್ 18, 24, 32 ಹಲ್ಲಿನಲ್ಲಿ ಸಿಗುತ್ತದೆ. 18ಕ್ಕೆ ಕನಿಷ್ಠ 4.2 ಮಿ.ಮೀ. ದಪ್ಪ ಬೇಕು, 24ಕ್ಕೆ 3.2, 32ಕ್ಕೆ 2.4. ಅದಕ್ಕಿಂತ ತೆಳುವಾದ ತಗಡು ಬಂದರೆ ಬ್ಲೇಡನ್ನು ಓರೆಯಾಗಿ ಹಿಡಿಯಿರಿ, ಅಥವಾ ತಗಡನ್ನು ಎರಡು ಪ್ಲೈವುಡ್ ತುಂಡುಗಳ ನಡುವೆ ಕಟ್ಟಿ ಮೂರನ್ನೂ ಒಟ್ಟಿಗೆ ಕತ್ತರಿಸಿ.

ಬ್ಯಾಂಡ್ ಸಾ ಬ್ಲೇಡಿನ ಮೇಲೆ 4/6, 8/12 ಹೀಗೆ ಎರಡು ಅಂಕಿ ಇರುತ್ತವೆ. ಹಲ್ಲಿನ ಅಂತರ ಒಂದೇ ಸಮ ಇರದೆ ಏರಿಳಿಯುತ್ತದೆ ಅಂತ ಅರ್ಥ. ಒಂದೇ ಅಂತರದ ಹಲ್ಲು ಒಂದೇ ತಾಳದಲ್ಲಿ ಬಡಿದರೆ ಕಂಪನ ಹುಟ್ಟುತ್ತದೆ, ಗಂಯ್ ಅಂತ ಕೂಗುತ್ತದೆ. ಅಂತರ ಬದಲಾದರೆ ಆ ತಾಳ ಮುರಿಯುತ್ತದೆ. ಟೊಳ್ಳಿಲ್ಲದ ರಾಡಿಗೆ ನಾನು ಇಟ್ಟುಕೊಂಡಿರುವ ಲೆಕ್ಕ: 25 ಮಿ.ಮೀ. ಆಸುಪಾಸಿಗೆ 8/12, 50ರ ಆಸುಪಾಸಿಗೆ 4/6, 100 ದಾಟಿದರೆ 3/4. ಪೈಪಿಗೆ 10/14.

ಆದರೆ ಪೈಪಿನ ವಿಷಯದಲ್ಲಿ ಒಂದು ಮಾತು ಬಿಡಿಸಿ ಹೇಳಬೇಕು. 2 ಮಿ.ಮೀ. ಗೋಡೆಗೆ 10/14 ಹಾಕಿದರೂ 3 ಹಲ್ಲು ಕೂರುವುದಿಲ್ಲ. ಲೆಕ್ಕ ಹಾಕಿದರೆ ನಿಮಗೇ ಗೊತ್ತಾಗುತ್ತದೆ. ಚೌಕ ಪೈಪಿನ ಮೇಲ್ಮೈ ಕತ್ತರಿಸುವಾಗ 40 ಮಿ.ಮೀ. ಅಗಲಕ್ಕೆ ಬೇಕಾದಷ್ಟು ಹಲ್ಲು ಇರುತ್ತವೆ. ಅದು ಮುಗಿದು ಎರಡು ಪಕ್ಕದ ಗೋಡೆಗೆ ಇಳಿದಾಗಲೇ ಅಪಾಯ. ಆಗ ಒತ್ತಡ ಕಡಿಮೆ ಮಾಡಬೇಕು, ಬ್ಲೇಡ್ ಹೊತ್ತ ಆರ್ಮ್ ಮೆಲ್ಲಗೆ ಇಳಿಯಬೇಕು. ಹತ್ತಾರು ಪೈಪುಗಳನ್ನು ಒಟ್ಟಿಗೆ ಕಟ್ಟಿ ಕತ್ತರಿಸುವಾಗಲೂ ಇದೇ ಎಚ್ಚರ. ಒಂದು ಪೈಪು ಸಡಿಲವಾಗಿ ತಿರುಗಿದರೆ ಬ್ಲೇಡ್ ಮುಗಿಯಿತು.

ಮೂರನೇ ಹೆಜ್ಜೆ: ವೇಗ

ಲೋಹ ಗಟ್ಟಿಯಾದಷ್ಟೂ ವೇಗ ಇಳಿಸಬೇಕು. ಬೈಮೆಟಲ್ (ಹಲ್ಲಿಗೊಂದು, ಬೆನ್ನಿಗೊಂದು ಲೋಹ ಇರುವ) ಬ್ಯಾಂಡ್ ಸಾ ಬ್ಲೇಡಿಗೆ, ಮಾಮೂಲಿ ಮೆದು ಸ್ಟೀಲಾದ ಎಂ.ಎಸ್‌. ಆದರೆ ನಿಮಿಷಕ್ಕೆ 60ರಿಂದ 80 ಮೀಟರ್, ಇ.ಎನ್‌. 8ಕ್ಕೆ 50-60, 304 ಎಸ್‌.ಎಸ್‌.ಗೆ 25-35. ಅಲ್ಯೂಮಿನಿಯಂಗೆ ಇದರ ಹಲವು ಪಟ್ಟು ಓಡಿಸಬಹುದು, ಸಣ್ಣ ಮಿಷನ್ನಿನ ಮೇಲಿನ ಗೇರೇ ಸಾಲದು.

ನಿಮ್ಮ ಮಿಷನ್ನಿನ ವೇಗ ಎಷ್ಟು ಅಂತ ಪ್ಲೇಟು ಅಳಿಸಿ ಹೋಗಿದ್ದರೆ ಹೀಗೆ ಮಾಡಿ. ಬ್ಲೇಡ್ ಸುತ್ತುವ ಚಕ್ರದ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಎಳೆಯಿರಿ. ಒಂದು ನಿಮಿಷ ಎಷ್ಟು ಸುತ್ತು ಬಂತು ಎಣಿಸಿ. ಚಕ್ರದ ವ್ಯಾಸ 300 ಮಿ.ಮೀ. ಇದ್ದರೆ ಒಂದು ಸುತ್ತಿಗೆ ಹತ್ತಿರ ಹತ್ತಿರ 0.94 ಮೀಟರ್. 40 ಸುತ್ತು ಬಂದರೆ ನಿಮಿಷಕ್ಕೆ 38 ಮೀಟರ್. ಎಸ್‌.ಎಸ್‌.ಗೆ ಸ್ವಲ್ಪ ಜಾಸ್ತಿ, ಎಂ.ಎಸ್‌.ಗೆ ಕಡಿಮೆ. ಪುಲ್ಲಿ ಬದಲಿಸಿ.

ಎಸ್‌.ಎಸ್‌. ಬಗ್ಗೆ ಇನ್ನೊಂದು ಮಾತು. ಅದನ್ನು ಹೆದರಿ ಹೆದರಿ ಕತ್ತರಿಸಬಾರದು. ಹಲ್ಲು ಕಚ್ಚದೆ ಸುಮ್ನೆ ಮೇಲೆ ಉಜ್ಜಿದರೆ ಆ ಜಾಗ ಇನ್ನೂ ಗಟ್ಟಿಯಾಗುತ್ತದೆ. ಮುಂದಿನ ಹಲ್ಲು ಆ ಗಟ್ಟಿ ಪದರಕ್ಕೆ ಬಡಿದು ಮೊಂಡಾಗುತ್ತದೆ. ವೇಗ ಕಡಿಮೆ, ಒತ್ತಡ ಸಮ. ಹ್ಯಾಕ್ಸಾದಲ್ಲೂ ಹಾಗೆಯೇ. ನಿಮಿಷಕ್ಕೆ ನಲವತ್ತು ಐವತ್ತು ಎಳೆತ ಸಾಕು, ಆತುರ ಬೇಡ.

ನಾಲ್ಕನೇ ಹೆಜ್ಜೆ: ಈಗ ಮಿಷನ್

ಕೈ ಹ್ಯಾಕ್ಸಾ ಎಲ್ಲರಿಗೂ ಬೇಕು. ಹಲ್ಲು ಮುಂದಕ್ಕೆ ಮುಖ ಮಾಡಿರಬೇಕು. ಅಗ್ಗದ ಕಾರ್ಬನ್ ಬ್ಲೇಡ್ ಹತ್ತು ತರುವ ಬದಲು ಬೈಮೆಟಲ್ ಎರಡು ತನ್ನಿ. ಬಾಗಿದರೂ ಪಟ್ ಅಂತ ಮುರಿಯುವುದಿಲ್ಲ.

ಆಂಗಲ್ ಗ್ರೈಂಡರ್ ಸೈಟಿನಲ್ಲಿ ಉಪಯೋಗಕ್ಕೆ ಬರುತ್ತದೆ. ಆದರೆ ನೇರವಾಗಿ, ಒಂದೇ ಅಳತೆಯಲ್ಲಿ ಐವತ್ತು ತುಂಡು ಕತ್ತರಿಸುವ ಸಾಧನ ಅದಲ್ಲ. ಗಾರ್ಡ್ ಬಿಚ್ಚಿ 4 ಇಂಚಿನ ಗ್ರೈಂಡರಿಗೆ 5 ಇಂಚಿನ ವೀಲ್ ಹಾಕುವುದನ್ನು ಎಷ್ಟು ಕಡೆ ನೋಡಿದ್ದೇನೋ ಲೆಕ್ಕವಿಲ್ಲ. ವೀಲಿನ ಮೇಲೆ ಬರೆದ ಸಂಖ್ಯೆ ನೋಡಿ: 4 ಇಂಚಿನದು ನಿಮಿಷಕ್ಕೆ 15,300 ಸುತ್ತಿನವರೆಗೆ, 5 ಇಂಚಿನದು 12,250ರವರೆಗೆ. ದೊಡ್ಡದಾದಷ್ಟೂ ಅಂಚಿನ ವೇಗ ಜಾಸ್ತಿ, ಸಿಡಿದರೆ ತಡೆಯಲು ಗಾರ್ಡೂ ಇಲ್ಲ. ಮರ ಕೊಯ್ಯುವ ಹಲ್ಲಿನ ಬ್ಲೇಡನ್ನು ಗ್ರೈಂಡರಿಗೆ ಹಾಕುವವರಿಗೆ ನಾನು ಶೆಡ್ಡಿನೊಳಗೆ ಜಾಗ ಕೊಡುವುದಿಲ್ಲ.

14 ಇಂಚಿನ ಕಟಾಫ್ ಮಿಷನ್, ಅಂದರೆ ಕಲ್ಲಿನ ವೀಲ್ ತಿರುಗುವ ಚಾಪ್ ಸಾ, ನಮ್ಮ ಊರಿನ ಫ್ಯಾಬ್ರಿಕೇಶನ್ ಶೆಡ್ಡುಗಳ ಮಾಮೂಲಿ ಆಯುಧ. ಬಾಷ್, ಮಕಿಟಾ, ಡಿವಾಲ್ಟ್, ಯಾವುದಾದರೂ ಇರಲಿ, ಕೆಲಸ ಒಂದೇ ರೀತಿ. ಅಗ್ಗ, ಗಟ್ಟಿ, ಏನು ಕೊಟ್ಟರೂ ಕತ್ತರಿಸುತ್ತದೆ. ಬೆಲೆ ಕೊಡುವುದು ಆಮೇಲೆ: ಕಿಡಿ, ಧೂಳು, ಕಿವಿ ಕಿವುಡಾಗುವ ಸದ್ದು, ತುದಿಯಲ್ಲಿ ದಪ್ಪ ಬರ್ (ಅಂಚಿಗೆ ಅಂಟಿ ಉಳಿಯುವ ಚೂಪು ಲೋಹ), ನೀಲಿ ಸುಟ್ಟ ಅಂಚು. ವೀಲ್ ಸವೆದಂತೆ ಸ್ವಲ್ಪ ಬಾಗುವುದರಿಂದ ದಪ್ಪ ರಾಡಿನಲ್ಲಿ ಕಟ್ ನೇರ ಬರುವುದಿಲ್ಲ. ಅಲ್ಯೂಮಿನಿಯಂ ಕತ್ತರಿಸಲೇಬೇಡಿ. ಮೆದು ಲೋಹ ವೀಲಿನ ರಂಧ್ರ ಮುಚ್ಚಿ, ಬಿಸಿಯಾಗಿ ಒಡೆಯಬಹುದು. ಎಸ್‌.ಎಸ್‌.ಗೆ ಐನಾಕ್ಸ್ ಅಂತ ಬರೆದ ಬೇರೆ ವೀಲ್ ಇಟ್ಟುಕೊಳ್ಳಿ. ಎಂ.ಎಸ್‌. ಕತ್ತರಿಸಿದ ವೀಲಿನಲ್ಲೇ ಎಸ್‌.ಎಸ್‌. ಕತ್ತರಿಸಿದರೆ ಕಬ್ಬಿಣದ ಕಣ ಅಂಟಿ, ಆರು ತಿಂಗಳಿಗೆ ಹೋಟೆಲಿನವರು ಫೋನ್ ಮಾಡಿ "ಸ್ಟೀಲ್ ತುಕ್ಕು ಹಿಡೀತಿದೆ ಸಾರ್" ಅನ್ನುತ್ತಾರೆ.

ಡ್ರೈ ಕಟ್ ಮಿಷನ್ ನೋಡಲು ಅದೇ ಚಾಪ್ ಸಾ ತರಹವೇ. ಒಳಗೆ ಕಾರ್ಬೈಡ್ ಹಲ್ಲಿನ ಬ್ಲೇಡ್, ನಿಮಿಷಕ್ಕೆ 1,300-1,500 ಸುತ್ತು ಮಾತ್ರ. ಕಟ್ ಆದ ತುದಿಯನ್ನು ತಕ್ಷಣ ಮುಟ್ಟಬಹುದು, ಅಷ್ಟು ತಣ್ಣಗಿರುತ್ತದೆ, ಬರ್ ಕೂಡ ಕಡಿಮೆ. ಚೌಕ ಪೈಪಿನ ಫ್ರೇಮ್ ಮಾಡುವವರಿಗೆ ನಾನು ಇದನ್ನೇ ಹೇಳುವುದು. ಬ್ಲೇಡ್ ದುಬಾರಿ, ನಿಜ. ಬೆಲೆ ನೋಡಿ ಕೆಲವರು ಒಂದು ಉಪಾಯ ಮಾಡುತ್ತಾರೆ: ಈ ಹಲ್ಲಿನ ಬ್ಲೇಡ್ ತಂದು ಮನೆಯಲ್ಲಿರುವ ಹಳೆಯ ಚಾಪ್ ಸಾಗೆ ಹಾಕುವುದು. ದಯವಿಟ್ಟು ಬೇಡ. ಹಳೆಯ ಮಿಷನ್ 3,800 ಸುತ್ತು ತಿರುಗುತ್ತದೆ. ಬ್ಲೇಡ್ ಅದರ ಅರ್ಧಕ್ಕೂ ಮಾಡಿದ್ದಲ್ಲ. ಹಲ್ಲು ಕಿತ್ತು ಬಂದರೆ ಗುಂಡಿನ ಹಾಗೆ ಬರುತ್ತದೆ. ಎರಡಕ್ಕೂ 25.4 ಮಿ.ಮೀ. ತೂತು ಇರುವುದರಿಂದ ಕೂರುತ್ತದೆ ಅನ್ನುವುದೇ ಇಲ್ಲಿನ ಮೋಸ.

ಕೋಲ್ಡ್ ಸಾ ಬೇರೆಯೇ ಜಾತಿ. ಎಚ್‌.ಎಸ್‌.ಎಸ್‌. (ಹೈಸ್ಪೀಡ್ ಸ್ಟೀಲ್) ಬ್ಲೇಡ್, ನಿಧಾನ ಗತಿ, ಬ್ಲೇಡ್ ತಣ್ಣಗಿಡಲು ಸುರಿಯುವ ಕೂಲಂಟ್. 315 ಮಿ.ಮೀ. ಬ್ಲೇಡ್ ನಿಮಿಷಕ್ಕೆ 40 ಸುತ್ತು ಹೋದರೆ ಅಂಚಿನ ವೇಗ ಹತ್ತಿರ ಹತ್ತಿರ 40 ಮೀಟರ್ ಅಷ್ಟೇ. ಕಟ್ ಕನ್ನಡಿ ತರಹ ಬರುತ್ತದೆ, ಬ್ಲೇಡನ್ನು ಮತ್ತೆ ಮತ್ತೆ ಸಾಣೆ ಹಿಡಿಸಬಹುದು. ಅಳತೆ ಪಕ್ಕಾ ಬೇಕಿರುವ, ಒಂದೇ ತರಹದ ತುಂಡು ನೂರಾರು ಬೇಕಿರುವವರಿಗೆ ಮಾತ್ರ.

ಪವರ್ ಹ್ಯಾಕ್ಸಾ, ಅಂದರೆ ಮೋಟರ್ ಹಿಂದೆ ಮುಂದೆ ಎಳೆಯುವ ಹ್ಯಾಕ್ಸಾ, ಹಳೆಯ ಕಾಲದ್ದು, ಸಾಯುವುದಿಲ್ಲ, ಅವಸರವಿಲ್ಲ. ಗುಜರಿಯಲ್ಲಿ ಒಳ್ಳೆಯದು ಸಿಕ್ಕರೆ ಬಿಡಬೇಡಿ.

ಇನ್ನು ಅಡ್ಡ ಬ್ಯಾಂಡ್ ಸಾ. ರಾಡು ಜಾಸ್ತಿ ಇರುವವರಿಗೆ ನನ್ನ ಓಟು ಇದಕ್ಕೇ. ಸ್ವಿಚ್ ಹಾಕಿ ಬಿಟ್ಟರೆ ತನ್ನ ಪಾಡಿಗೆ ಕತ್ತರಿಸಿ, ಮುಗಿದ ಮೇಲೆ ತಾನೇ ನಿಲ್ಲುತ್ತದೆ. ಅಷ್ಟರಲ್ಲಿ ನೀವು ಲೇತ್ ಮೇಲೆ ಕೆಲಸ ಮಾಡಬಹುದು. ಮಾಲೂ ಉಳಿಯುತ್ತದೆ. ಚಾಪ್ ಸಾ ವೀಲ್ ಒಂದು ಕಟ್‌ಗೆ 3 ಮಿ.ಮೀ. ತಿನ್ನುತ್ತದೆ, ಬ್ಯಾಂಡ್ ಸಾ ಸುಮಾರು 1.5. ರಾಡಿನ ತೂಕದ ಲೆಕ್ಕ ಗೊತ್ತಲ್ಲ: ವ್ಯಾಸವನ್ನು ವ್ಯಾಸದಿಂದಲೇ ಗುಣಿಸಿ 162ರಿಂದ ಭಾಗಿಸಿದರೆ ಮೀಟರಿಗೆ ಎಷ್ಟು ಕೆ.ಜಿ. ಅಂತ. 50 ಮಿ.ಮೀ. ರಾಡು 15.4 ಕೆ.ಜಿ. ನೂರು ಕಟ್‌ಗೆ 150 ಮಿ.ಮೀ. ಉಳಿದರೆ 2.3 ಕೆ.ಜಿ. ಇವತ್ತಿನ ರೇಟಿಗೆ ಗುಣಿಸಿ, ವರ್ಷಕ್ಕೆ ಎಷ್ಟಾಗುತ್ತದೆ ನೋಡಿ.

ಐದನೇ ಹೆಜ್ಜೆ: ಕರೆಂಟು, ಜಾಗ, ಅಕ್ಕಪಕ್ಕ

2,400 ವಾಟಿನ ಚಾಪ್ ಸಾ 10 ಆಂಪಿಯರಿಗಿಂತ ಜಾಸ್ತಿ ಎಳೆಯುತ್ತದೆ. ಶುರುವಾಗುವ ಗಳಿಗೆಯಲ್ಲಿ ಅದರ ಹಲವು ಪಟ್ಟು. 16 ಆಂಪಿಯರ್ ಪಾಯಿಂಟ್, 2.5 ಚದರ ಮಿ.ಮೀ. ವೈರು, ಮೋಟರಿನ ಧಕ್ಕೆ ತಾಳುವ ಸಿ ಮಾದರಿಯ ಎಂ.ಸಿ.ಬಿ. ಬೇಕು. ಎಕ್ಸ್‌ಟೆನ್ಶನ್ ವೈರನ್ನು ಸುತ್ತಿದ ಹಾಗೆಯೇ ಇಟ್ಟು ಓಡಿಸಬೇಡಿ, ಒಳಗೇ ಬಿಸಿಯಾಗುತ್ತದೆ. ಮೂರು ಫೇಸಿನ ಮಿಷನ್ ಅಗ್ಗಕ್ಕೆ ಸಿಕ್ಕಿದೆ, ಶೆಡ್ಡಿನಲ್ಲಿ ಇರುವುದು ಸಿಂಗಲ್ ಫೇಸು ಅನ್ನುವವರು 1 ಎಚ್‌.ಪಿ., 2 ಎಚ್‌.ಪಿ. ಮೋಟರಿಗೆ ವಿ.ಎಫ್‌.ಡಿ. (ಸಿಂಗಲ್ ಫೇಸನ್ನು ಮೂರು ಫೇಸು ಮಾಡಿ, ಮೋಟರಿನ ವೇಗ ಬದಲಿಸುವ ಪೆಟ್ಟಿಗೆ) ಹಾಕಿಸಿಕೊಳ್ಳಬಹುದು. ಬ್ಲೇಡಿನ ವೇಗವೂ ಕೈಗೆ ಸಿಗುತ್ತದೆ, ಒಂದು ಕಲ್ಲಿಗೆ ಎರಡು ಹಕ್ಕಿ.

ಜಾಗ ಅಳೆಯುವಾಗ ಮಿಷನ್ ಮಾತ್ರ ಅಳೆಯಬೇಡಿ. ನಮ್ಮಲ್ಲಿ ಪೈಪು 6 ಮೀಟರ್ ಉದ್ದ ಬರುತ್ತದೆ. ಅದು ಬಾಗಿಲಿನಿಂದ ಒಳಗೆ ಬಂದು ವೈಸಿಗೆ ನೇರ ಕೂರಬೇಕು. ನನ್ನ ಶೆಡ್ಡಿನಲ್ಲಿ ಗೋಡೆಗೆ ಒಂದು ತೂತು ಕೊರೆಸಿ ಪೈಪಿನ ಬಾಲ ಹೊರಗೆ ಬಿಟ್ಟಿದ್ದೇನೆ. ಮಾಲೀಕರನ್ನು ಕೇಳಿಯೇ ಮಾಡಿದ್ದು!

ಮತ್ತೆ ಸದ್ದು. ಮೇಲಿನ ಮನೆಯ ಅಜ್ಜಿ ಒಂದು ಸಂಜೆ ಇಳಿದು ಬಂದು "ಏನಪ್ಪಾ, ಧಾರಾವಾಹಿ ಒಂದು ಮಾತೂ ಕೇಳಿಸಲ್ಲ" ಅಂದ ಮೇಲೆ ನಾನು ಸಂಜೆ ಆರರ ನಂತರ ಚಾಪ್ ಸಾ ಮುಟ್ಟುವುದಿಲ್ಲ. ಮನೆಗಳ ನಡುವೆ ಇರುವ ಶೆಡ್ಡಾದರೆ ಬ್ಯಾಂಡ್ ಸಾಗೆ ಇದೂ ಒಂದು ಕಾರಣ. ಕಿಡಿ ಹಾರುವ ದಿಕ್ಕಿನಲ್ಲಿ ತಿನ್ನರ್ ಡಬ್ಬ, ಗ್ಯಾಸ್ ಸಿಲಿಂಡರ್, ಕಾಟನ್ ವೇಸ್ಟ್ ಇರಬಾರದು. ಒಮ್ಮೆ ಊಟಕ್ಕೆ ಹೋಗಿ ಬರುವಷ್ಟರಲ್ಲಿ ಕಾಟನ್ ವೇಸ್ಟಿನ ಗುಡ್ಡೆ ಹೊಗೆಯಾಡುತ್ತಿತ್ತು. ತಪ್ಪು ನನ್ನದೇ, ಮೂಲೆಯಲ್ಲಿ ಒಟ್ಟಿದ್ದೆ.

ಆರನೇ ಹೆಜ್ಜೆ: ಕೊಳ್ಳಲು ಹೋದಾಗ

ಕೈಯಲ್ಲಿ ಹಿಡಿಯುವ ಪವರ್ ಟೂಲ್ಸ್, ವೀಲು, ಹ್ಯಾಕ್ಸಾ ಬ್ಲೇಡಿಗೆ ಎಸ್‌.ಜೆ.ಪಿ. ರಸ್ತೆಗೆ ಹೋಗಿ. ಶನಿವಾರ ಬೇಡ, ಗಾಡಿ ನಿಲ್ಲಿಸಲು ಜಾಗ ಸಿಗುವುದಿಲ್ಲ. ಮೆಟ್ರೋದಲ್ಲಿ ಹೋದರೆ ಕೆ.ಆರ್‌. ಮಾರುಕಟ್ಟೆ ನಿಲ್ದಾಣದಲ್ಲಿ ಇಳಿದು ನಡೆಯಬಹುದು. ಬ್ಯಾಂಡ್ ಸಾ ಬ್ಲೇಡ್ ಬೇಕಾದರೆ ಪೀಣ್ಯ ಸುತ್ತಮುತ್ತ ಸುರುಳಿಯಿಂದ ಅಳತೆಗೆ ಕತ್ತರಿಸಿ, ವೆಲ್ಡ್ ಮಾಡಿ ಕೊಡುವವರಿದ್ದಾರೆ.

ಹಳೆಯ ಬ್ಯಾಂಡ್ ಸಾ ನೋಡಲು ಹೋಗುವಾಗ ಜೇಬಿನಲ್ಲಿ ವರ್ನಿಯರ್, ಕೈಯಲ್ಲಿ ನಿಮ್ಮದೇ 50 ಮಿ.ಮೀ. ರಾಡಿನ ತುಂಡು ಇರಲಿ. ಮೊದಲು ಒಂದು ಕಟ್ ಹಾಕಿಸಿ. ಆಮೇಲೆ ಅದರ ಪಕ್ಕದಲ್ಲೇ 5 ಮಿ.ಮೀ. ದಪ್ಪದ ಬಿಲ್ಲೆ ಒಂದನ್ನು ಕತ್ತರಿಸಲು ಹೇಳಿ. ಬಿಲ್ಲೆಯನ್ನು ನಾಲ್ಕು ಕಡೆ ಅಳೆಯಿರಿ. ಒಂದು ಕಡೆ 5, ಇನ್ನೊಂದು ಕಡೆ 5.8 ಬಂದರೆ ಬ್ಲೇಡನ್ನು ನೇರ ಹಿಡಿಯುವ ಗೈಡ್ ಬೇರಿಂಗ್ ಸವೆದಿದೆ, ಇಲ್ಲ ಬ್ಲೇಡಿನ ಬಿಗಿ ಸಾಲದು, ಇಲ್ಲ ಬ್ಲೇಡೇ ಮೊಂಡು. ಒಳ್ಳೆಯ ಬ್ಲೇಡ್ ಹಾಕಿ ಮತ್ತೆ ನೋಡಿ. ಆಗಲೂ ಹಾಗೇ ಬಂದರೆ ಬೆಲೆ ಇಳಿಸಿ ಕೇಳಲು ನಿಮ್ಮ ಹತ್ತಿರ ಸಾಕ್ಷಿ ಇದೆ. ಆಮೇಲೆ ಚಕ್ರವನ್ನು ಕೈಯಲ್ಲಿ ಹಿಂದೆ ಮುಂದೆ ಅಲ್ಲಾಡಿಸಿ, ಗೇರ್‌ಬಾಕ್ಸಿನಲ್ಲಿ ಆಟ ಎಷ್ಟಿದೆ ಗೊತ್ತಾಗುತ್ತದೆ. ಆರ್ಮ್ ಎತ್ತಿ ಬಿಡಿ. ಹೈಡ್ರಾಲಿಕ್ ಸಿಲಿಂಡರ್ ಸರಿ ಇದ್ದರೆ ಒಂದೇ ಸಮ ಇಳಿಯುತ್ತದೆ, ಕೆಟ್ಟಿದ್ದರೆ ದಬಕ್ ಅಂತ ಬೀಳುತ್ತದೆ. ಬಣ್ಣ ಹೊಸದಾಗಿದ್ದರೆ ಇನ್ನೂ ಹುಷಾರಾಗಿ ನೋಡಿ.

ಬ್ಲೇಡ್ ಕೇಳುವಾಗ ನಾಲ್ಕು ಅಂಕಿ ಹೇಳಬೇಕು: ಉದ್ದ, ಅಗಲ, ದಪ್ಪ, ಹಲ್ಲು. ಉದ್ದ ಹೇಳಿ, ಆಮೇಲೆ "27 ಬೈ 0.9, 4/6, ಎಂ42" ಅಂದರೆ ಅಂಗಡಿಯವರಿಗೆ ನೀವು ತಿಳಿದವರು ಅಂತ ಗೊತ್ತಾಗುತ್ತದೆ. ಎಂ42 ಅಂದರೆ 8% ಕೋಬಾಲ್ಟ್ ಇರುವ ಎಚ್‌.ಎಸ್‌.ಎಸ್‌. ಹಲ್ಲು, ಬೆನ್ನು ಬಾಗುವ ಸ್ಪ್ರಿಂಗ್ ಸ್ಟೀಲಿನದ್ದು. ವೆಲ್ಡ್ ಆದ ಜಾಗದ ಮೇಲೆ ಬೆರಳು ಆಡಿಸಿ. ಉಬ್ಬು ಇದ್ದರೆ ಅಲ್ಲೇ ತಿರುಗಿಸಿ ಕೊಡಿ, ಆ ಉಬ್ಬು ಪ್ರತಿ ಸುತ್ತಿಗೂ ಗೈಡಿಗೆ ಬಡಿಯುತ್ತದೆ.

ಕಟಿಂಗ್ ವೀಲ್ ಯಾವ ಕಂಪನಿಯದಾದರೂ, ಕ್ಯುಮಿ ಆಗಲಿ ನಾರ್ಟನ್ ಆಗಲಿ, ನಡುವಿನ ಲೋಹದ ಬಳೆಯ ಮೇಲೆ ತಾರೀಖು ನೋಡಿ. ರಾಳದಿಂದ ಅಂಟಿಸಿದ ವೀಲಿಗೆ ತಯಾರಾದ ದಿನದಿಂದ 3 ವರ್ಷ ಆಯುಸ್ಸು. ಅರ್ಧ ಬೆಲೆಗೆ ಕೊಡುತ್ತೇನೆ ಅಂದರೆ ತಾರೀಖು ಮೊದಲು ನೋಡಿ, ಆಮೇಲೆ ಖುಷಿಪಡಿ.

ಏಳನೇ ಹೆಜ್ಜೆ: ಹೊಸ ಬ್ಲೇಡನ್ನು ಪಳಗಿಸುವುದು

ಹೊಸ ಹಲ್ಲಿನ ತುದಿ ಸೂಜಿಯಷ್ಟು ಚೂಪು. ಮೊದಲ ಕಟ್‌ಗೇ ಪೂರ್ತಿ ಭಾರ ಹಾಕಿದರೆ ಆ ತುದಿ ಮುರಿಯುತ್ತದೆ. ಮೊದಲ ಹದಿನೈದು ಇಪ್ಪತ್ತು ಕಟ್‌ಗೆ ಇಳಿಯುವ ಗತಿಯನ್ನು ಅರ್ಧಕ್ಕೆ ಇಳಿಸಿ, ಆಮೇಲೆ ಮೆಲ್ಲಗೆ ಏರಿಸಿ. ಹಳೆಯ ಬ್ಲೇಡ್ ಅರ್ಧ ಕತ್ತರಿಸಿದ ಸೀಳಿನೊಳಗೆ ಹೊಸದನ್ನು ಇಳಿಸಬೇಡಿ. ಹಳೆಯದು ಸವೆದು ಕಿರಿದಾದ ದಾರಿ ಮಾಡಿರುತ್ತದೆ, ಹೊಸದು ಸಿಕ್ಕಿಕೊಳ್ಳುತ್ತದೆ. ರಾಡು ತಿರುಗಿಸಿ ಇನ್ನೊಂದು ಕಡೆಯಿಂದ ಶುರು ಮಾಡಿ.

ಸರಿಯಾಗಿ ಹೋಗುತ್ತಿದೆಯಾ ಅಂತ ಚೂರನ್ನು ನೋಡಿದರೆ ತಿಳಿಯುತ್ತದೆ. ಸಡಿಲ ಸುರುಳಿ ಬಂದರೆ ಸೈ. ಪುಡಿಪುಡಿ ಬಂದರೆ ಹಲ್ಲು ಉಜ್ಜುತ್ತಿದೆ, ಭಾರ ಹೆಚ್ಚಿಸಿ. ದಪ್ಪಗೆ, ನೀಲಿ ಬಣ್ಣಕ್ಕೆ ತಿರುಗಿದ್ದರೆ ಭಾರ ಕಡಿಮೆ ಮಾಡಿ.

ಕೂಲಂಟ್ ಕಲಸುವಾಗ ನೀರಿಗೆ ಎಣ್ಣೆ ಹಾಕಬೇಕು, ಎಣ್ಣೆಗೆ ನೀರಲ್ಲ. ಹತ್ತರಿಂದ ಇಪ್ಪತ್ತು ಲೀಟರ್ ನೀರಿಗೆ ಒಂದು ಲೀಟರ್, ಹಾಲಿನ ಹಾಗೆ ಬೆಳ್ಳಗಾಗಬೇಕು. ಬೋರ್‌ವೆಲ್ ನೀರಿನಲ್ಲಿ ಅದು ಒಡೆದು ಮೇಲೆ ಕೆನೆ ಕಟ್ಟುತ್ತದೆ, ಗಡಸು ನೀರಿನ ಗುಣ ಅದು. ಕಾವೇರಿ ನೀರು ಹಿಡಿದಿಟ್ಟು ಅದನ್ನೇ ಬಳಸಿ.

ಗೈಡ್ ಆರ್ಮನ್ನು ರಾಡಿಗೆ ಎಷ್ಟು ಹತ್ತಿರ ತರಬಹುದೋ ಅಷ್ಟು ತನ್ನಿ. ಓರೆ ಕಟ್ಟಿನ ಅರ್ಧ ಕಾಯಿಲೆ ಅದರಿಂದಲೇ ವಾಸಿಯಾಗುತ್ತದೆ. ಕನ್ನಡಕ ಹಾಕಿ. ಬ್ಲೇಡ್ ತಿರುಗುವಾಗ ಬಟ್ಟೆಯ ಗ್ಲೌಸ್ ಬೇಡ, ಹಲ್ಲಿಗೆ ನೂಲು ಸಿಕ್ಕರೆ ಕೈ ಹಿಂದೆಯೇ ಹೋಗುತ್ತದೆ. ಬ್ಲೇಡ್ ಬದಲಿಸುವಾಗ ಮಾತ್ರ ಚರ್ಮದ ಗ್ಲೌಸ್ ಬೇಕು, ಸುರುಳಿ ಬಿಚ್ಚಿದ ತಕ್ಷಣ ಹಾವಿನ ಹಾಗೆ ಚಿಮ್ಮುತ್ತದೆ. ಸಂಜೆ ಬಾಗಿಲು ಹಾಕುವ ಮೊದಲು ಬ್ಲೇಡಿನ ಬಿಗಿ ಸ್ವಲ್ಪ ಸಡಿಲಿಸಿ, ತಂತಿ ಬ್ರಷ್ಷಿನಲ್ಲಿ ಚೂರು ಕೊಡವಿ. ಬೆಳಿಗ್ಗೆ ಬಂದು ಬಿಗಿ ಮಾಡುವುದನ್ನು ಮರೆಯುವ ಅಭ್ಯಾಸ ನನಗಿದೆ, ಅದಕ್ಕೇ ಸ್ವಿಚ್ಚಿನ ಮೇಲೆ ಒಂದು ಕೆಂಪು ದಾರ ಕಟ್ಟಿರುತ್ತೇನೆ.